ತಿದ್ದುವ ತಂದೆಗೆ ಸ್ತೋತ್ರ: ಯಾವುದಕ್ಕೆ, ಯಾವಾಗ, ಹೇಗೆ

ಮನೆ ಪ್ರಾರ್ಥನೆ ಮುಗಿದು ಕಾಫಿ ಲೋಟ ಕೈಗೆ ಬರುವ ಹೊತ್ತಿಗೆ ಯಾರಾದರೊಬ್ಬರು ಹೇಳುತ್ತಾರೆ: “ದೇವರು ನಿಮ್ಮನ್ನು ತಿದ್ದುತ್ತಿದ್ದಾನೆ ಆಂಟಿ, ಸ್ತೋತ್ರ ಹೇಳಿ.” ಹೇಳಿದವರ ಮನಸ್ಸು ಒಳ್ಳೆಯದೇ. ಕೇಳಿಸಿಕೊಂಡವರ ಮಗ ವಸಂತನರಸಾಪುರದ ಕಾರ್ಖಾನೆಯ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದಾನೆ. ಇಲ್ಲವೇ ಗುಬ್ಬಿ ಕಡೆಯ ತೋಟದ ಬೋರ್‌ವೆಲ್ ಬತ್ತಿದೆ, ಇಲ್ಲವೇ ಕುಣಿಗಲ್ಲಿನಲ್ಲಿ ಹಾಕಿದ್ದ ಚೀಟಿಯ ಹಣ ಮುಳುಗಿದೆ. “ಹೂಂ, ಸ್ತೋತ್ರ” ಎಂದು ಬಾಯಿ ಅನ್ನುತ್ತದೆ, ಒಳಗೆ ಏನೂ ಅಲ್ಲಾಡುವುದಿಲ್ಲ. ರಾತ್ರಿ ಮಲಗಿದಾಗ ಇನ್ನೊಂದು ಸಂಕಟ ಶುರುವಾಗುತ್ತದೆ. ಕಷ್ಟವಂತೂ ಇದ್ದೇ ಇದೆ, ಅದರ ಮೇಲೆ ಮನಸಾರೆ ಸ್ತೋತ್ರ ಹೇಳಲಾಗಲಿಲ್ಲವಲ್ಲ ಎಂಬ ಅಪರಾಧಿ ಭಾವ ಬೇರೆ.

ಈ ಎರಡನೆಯ ಸಂಕಟವನ್ನು ನೀವು ಹೊರಬೇಕಾಗಿಲ್ಲ. ದೇವರು ತನ್ನವರನ್ನು ಶಿಕ್ಷಿಸಿ ಬೆಳೆಸುತ್ತಾನೆ ಎಂಬುದು ಸತ್ಯವೇದದ ಸ್ಪಷ್ಟ ಮಾತು. ಅದಕ್ಕಾಗಿ ಆತನಿಗೆ ಕೃತಜ್ಞರಾಗಿರುವುದು ಕ್ರೈಸ್ತ ಜೀವನದ ಒಂದು ಭಾಗವೂ ಹೌದು. ಆದರೆ “ಇದು ನನ್ನನ್ನು ತಿದ್ದಲು ಬಂದದ್ದು” ಎಂದು ಹೇಳುವ ಹಕ್ಕು ಅನುಭವಿಸಿದವರದು. ಪಕ್ಕದವರದಲ್ಲ, ಹಿರಿಯರದಲ್ಲ, ಪಾಸ್ಟರರದೂ ಅಲ್ಲ. ಈ ಲೇಖನದಲ್ಲಿ ಹೇಳುವುದೆಲ್ಲ ಈ ಮಾತಿನ ಮೇಲೆ ನಿಂತಿದೆ.

ಗುಬ್ಬಿಗೆ ಬಂದ ಕಟ್ಟುಪಾಡು

ತುಮಕೂರು ಸೀಮೆಯ ಸಭೆಗಳಿಗೆ ಆತ್ಮಿಕ ಶಿಸ್ತು ಎಂಬುದು ಹೊಸದಲ್ಲ. ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕೆಲಸ ಆರಂಭಿಸಿದ್ದು 1837ರಲ್ಲಿ. ತುಮಕೂರು, ಕುಣಿಗಲ್‌ಗಳಿಗೂ ಅದೇ ಮಿಷನ್ ಹಬ್ಬಿತು. ಅವರು ಬಂದ ಮೆಥಡಿಸ್ಟ್ ಪರಂಪರೆಯ ಬೆನ್ನೆಲುಬು ‘ಕ್ಲಾಸ್ ಮೀಟಿಂಗ್’. ಅದರ ಹುಟ್ಟು ಸ್ವಾರಸ್ಯವಾಗಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಭಾಗೃಹದ ಸಾಲ ತೀರಿಸಲು ಹನ್ನೆರಡು ಜನಕ್ಕೆ ಒಬ್ಬ ನಾಯಕನಂತೆ ಗೊತ್ತುಮಾಡಿ, ವಾರಕ್ಕೆ ತಲಾ ಒಂದು ಪೆನ್ನಿ ಎತ್ತಲು ಮನೆಮನೆಗೆ ಕಳಿಸಿದರು. ಕಾಸು ಕೇಳಲು ಹೋದವರ ಕಣ್ಣಿಗೆ ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಜಗಳ ಎಂಬುದು ಬಿತ್ತು. ಮೆಥಡಿಸ್ಟರ ನಾಯಕ ಜಾನ್ ವೆಸ್ಲಿಗೆ ಬೇಕಾಗಿದ್ದೂ ಇದೇ. ಹೀಗೆ ವಸೂಲಿಗೆಂದು ಆರಂಭವಾದದ್ದು ವಾರಕ್ಕೊಮ್ಮೆ ಒಬ್ಬರನ್ನೊಬ್ಬರು “ನಿನ್ನ ಆತ್ಮ ಹೇಗಿದೆ?” ಎಂದು ವಿಚಾರಿಸುವ ಕೂಟವಾಯಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ಈ ವೆಸ್ಲಿಯನ್ ಸಭೆಗಳೂ ಅದರಲ್ಲಿ ಸೇರಿಹೋದವು. ಆ ಚಿಕ್ಕ ಕೂಟಗಳು ಈಗ ವಿರಳ. ನಮ್ಮ ಗೊಂದಲಕ್ಕೆ ಅರ್ಧ ಕಾರಣ ಅಲ್ಲೇ ಇದೆ ಎಂದು ನನ್ನ ಅನಿಸಿಕೆ. ವಾರವಾರವೂ ನಮ್ಮನ್ನು ಬಲ್ಲವರು ಪ್ರೀತಿಯಿಂದ ವಿಚಾರಿಸುತ್ತಿದ್ದ ಕಡೆಯಲ್ಲಿ, ವರ್ಷಕ್ಕೊಮ್ಮೆ ಸಿಗುವವರು ಬಂದು ತೀರ್ಪು ಕೊಟ್ಟು ಹೋಗುತ್ತಿದ್ದಾರೆ.

ದೇವರ ತಿದ್ದುವಿಕೆ ಕೆಲಸ ಮಾಡುವುದು ಹೇಗೆ?

ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ, 5ರಿಂದ 13ನೇ ವಚನಗಳನ್ನು ನಿಧಾನವಾಗಿ ಓದಿ. ಅವಸರದಲ್ಲಿ ನಮ್ಮ ಕಣ್ಣಿಗೆ ತಪ್ಪಿಹೋಗುವ ಮೂರು ಸಂಗತಿಗಳು ಅಲ್ಲಿವೆ.

ಮೊದಲನೆಯದು, ಶಿಕ್ಷಿಸುವವನು ತಂದೆ, ನ್ಯಾಯಾಧೀಶನಲ್ಲ. ಪಾಪದ ದಂಡವನ್ನು ಕ್ರಿಸ್ತನು ಶಿಲುಬೆಯ ಮೇಲೆ ಹೊತ್ತಾಗಿದೆ ಎಂದು ನಂಬುವವರಿಗೆ, ದೇವರು ಹಳೆಯ ಬಾಕಿಯನ್ನು ಕಾಯಿಲೆಯ ರೂಪದಲ್ಲಿ, ನಷ್ಟದ ರೂಪದಲ್ಲಿ ಮತ್ತೆ ವಸೂಲಿ ಮಾಡುತ್ತಿದ್ದಾನೆ ಎಂಬ ಭಯಕ್ಕೆ ಎಡೆಯಿಲ್ಲ. ಆತನ ಕಣ್ಣು ನಿಮ್ಮ ಹಿಂದಿನ ಲೆಕ್ಕದ ಮೇಲಿಲ್ಲ, ಮುಂದಿನ ಬೆಳವಣಿಗೆಯ ಮೇಲಿದೆ. ನಮ್ಮ ಮನೆಯ ತಂದೆಯರು ತಮಗೆ ತೋಚಿದಂತೆ ತಿದ್ದಿದರು, ಈ ತಂದೆಯಾದರೋ ತನ್ನ ಪರಿಶುದ್ಧತೆಯಲ್ಲಿ ನಮಗೆ ಪಾಲು ಕೊಡಲೆಂದು ತಿದ್ದುತ್ತಾನೆ ಎಂದು 10ನೇ ವಚನ ವ್ಯತ್ಯಾಸವನ್ನು ತೋರಿಸುತ್ತದೆ. ಕುಡಿದು ಬಂದು ಬೆಲ್ಟ್ ಬಿಚ್ಚುತ್ತಿದ್ದ ಅಪ್ಪನ ಮನೆಯಲ್ಲಿ ಬೆಳೆದವರು ಈ ವಚನದ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕು.

ಎರಡನೆಯದು, ಶಿಕ್ಷೆ ನಡೆಯುವಾಗ ಸಂತೋಷವಾಗುವುದಿಲ್ಲ ಎಂದು 11ನೇ ವಚನವೇ ಒಪ್ಪುತ್ತದೆ. ಫಲ ಬರುವುದು ಆಮೇಲೆ. ನೀವು ಇವತ್ತು ನಗುತ್ತಿರಬೇಕು ಎಂದು ಸತ್ಯವೇದ ಕೇಳದಿರುವಾಗ ಕೂಟದವರು ಕೇಳುವುದೇಕೆ?

ಮೂರನೆಯದು, ಇಡೀ ಭಾಗ ಮುಗಿಯುವುದು ಜೋಲುಬಿದ್ದ ಕೈಗಳನ್ನು, ನಡುಗುವ ಮೊಣಕಾಲುಗಳನ್ನು ನೆಟ್ಟಗೆ ಮಾಡಿ, ಕುಂಟುವ ಕಾಲು ಉಳುಕದೆ ವಾಸಿಯಾಗಲಿ ಎಂಬ ಅರ್ಥದ ಮಾತಿನಿಂದ. ತಿದ್ದುವಿಕೆಯ ಕೊನೆ ಗುಣವಾಗುವುದು. ಮುರಿದುಹಾಕುವುದು ಅದರ ಗುರಿಯಲ್ಲ.

ರಾಗಿ ಬೆಳೆಯುವ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿಯಲ್ಲಿ ಎಳೆ ಪೈರಿನ ಮೇಲೆ ಮರದ ಕೊರಡು ಎಳೆಯುತ್ತಾರೆ. ಪೈರು ನೆಲಕ್ಕೆ ಬಾಗುತ್ತದೆ, ನೋಡುವವರಿಗೆ ಬೆಳೆ ಹಾಳಾಯಿತು ಅನ್ನಿಸುತ್ತದೆ. ಬಾಗಿದ ಬುಡದಿಂದ ಹೊಸ ಕವಲು ಒಡೆದು, ಬೇರು ಬಲವಾಗಿ, ಒಂದು ತೆನೆಯ ಜಾಗದಲ್ಲಿ ಹಲವು ತೆನೆ ಬರುತ್ತವೆ. ಆದರೆ ಕೊರಡು ಹಾಯಿಸುವುದಕ್ಕೆ ಪೈರಿನ ವಯಸ್ಸು ನೋಡಬೇಕು. ತೆನೆ ಬಂದ ಮೇಲೆ ಎಳೆದರೆ ಅದು ನಾಶವೇ. ಹೊಲ ಬಲ್ಲ ಯಜಮಾನ ಅದನ್ನು ಮಾಡುತ್ತಾನೆ, ದಾರಿಹೋಕ ಮಾಡಕೂಡದು.

ಮೊದಲು ಬೇರ್ಪಡಿಸಿ

ಕಷ್ಟಗಳೆಲ್ಲ ಒಂದೇ ಬಗೆಯವಲ್ಲ. ಕೃತಜ್ಞತೆಗೆ ಮೊದಲು ಈ ಬೇರ್ಪಡಿಸುವ ಕೆಲಸ ಆಗಬೇಕು.

ಕೆಲವು ನಮ್ಮದೇ ಕೆಲಸದ ಫಲ. ಮೊಬೈಲಿನಲ್ಲಿ ರಮ್ಮಿ ಆಡಿ ಸಂಬಳ ಕಳೆದರೆ ತಿಂಗಳ ಕೊನೆಗೆ ಗ್ಯಾಸ್ ಸಿಲಿಂಡರಿಗೆ ದುಡ್ಡಿರುವುದಿಲ್ಲ. ಇದರಲ್ಲಿ ನಿಗೂಢ ಏನೂ ಇಲ್ಲ. ದೇವರು ಆ ಫಲವನ್ನೇ ಹಿಡಿದು ನಮ್ಮನ್ನು ತಿರುಗಿಸಬಹುದು. ದಾವೀದನ ಹತ್ತಿರ ನಾತಾನನು ಬಂದಂತೆ (2 ಸಮುವೇಲ 12) ಯಾರಾದರೂ ಬಂದು ಕಣ್ಣು ತೆರೆಸಲೂಬಹುದು.

ಕೆಲವು ಕಷ್ಟಗಳಲ್ಲಿ ನಮ್ಮ ತಪ್ಪು ಕಾಣದು, ಆದರೂ ಅವು ನಮ್ಮೊಳಗಿನ ಯಾವುದನ್ನೋ ಮುಟ್ಟುತ್ತವೆ. ಹಟ, ಜಂಬ, ದೇವರಿಗಿಂತ ಬ್ಯಾಂಕಿನ ಪಾಸ್‌ಬುಕ್ಕನ್ನು ನಂಬುವ ಅಭ್ಯಾಸ, ಇಂಥವು. ಧರ್ಮೋಪದೇಶಕಾಂಡದ 8ನೇ ಅಧ್ಯಾಯ ಹೇಳುವ ಅರಣ್ಯದ ನಲವತ್ತು ವರ್ಷಗಳು ಈ ಬಗೆಯವು.

ಇನ್ನು ಕೆಲವನ್ನು ಶಿಕ್ಷೆ ಎಂದು ಕರೆಯಲೇಬಾರದು. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪ ಎಂದು ಕೇಳಿದ ಶಿಷ್ಯರಿಗೆ ಯೇಸು, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಎಂದು ಉತ್ತರಿಸಿದನು (ಯೋಹಾನ 9). ಸಿಲೋವದ ಬುರುಜು ಬಿದ್ದು ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದನು (ಲೂಕ 13). ಯೋಬನಿಗೆ ಪಾಪದ ಲೆಕ್ಕ ಒಪ್ಪಿಸಲು ಬಂದ ಸ್ನೇಹಿತರ ಮೇಲೆ ಕೊನೆಗೆ ದೇವರೇ ಕೋಪಗೊಂಡನು (ಯೋಬ 42:7). 1876–78ರ ಧಾತು ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆ ಹೆಣಗಳ ಮೇಲೆ ನಿಂತು ಯಾರಾದರೂ ‘ಶಿಕ್ಷೆ’ ಎಂದಿದ್ದರೆ ಅದು ದೇವದೂಷಣೆಯಾಗುತ್ತಿತ್ತು. ಕೋವಿಡ್ ಕಾಲದಲ್ಲಿ ಹಾಗೆ ಅಂದವರನ್ನು ನಾವೆಲ್ಲ ಕೇಳಿಯೇ ಇದ್ದೇವೆ.

ಗುಬ್ಬಿಯದೇ ಒಂದು ಉದಾಹರಣೆ ಇದೆ. ಐರ್ಲೆಂಡಿನ ವಿಲಿಯಂ ಆರ್ಥರ್ 1839ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಮಿಷನರಿಯಾಗಿ ಇಲ್ಲಿಗೆ ಬಂದರು. ಕನ್ನಡ ಕಲಿತರು. ಕೆಲವೇ ವರ್ಷಗಳಲ್ಲಿ ಆರೋಗ್ಯ ಕೆಟ್ಟು ಊರಿಗೆ ಮರಳಬೇಕಾಯಿತು. ಅಲ್ಲಿ ಕೂತು ಮೈಸೂರು ಸೀಮೆಯ ಅನುಭವಗಳನ್ನು ಬರೆದರು, 1847ರಲ್ಲಿ ಪುಸ್ತಕವಾಗಿ ಬಂತು. ಮುಂದೆ ತಮ್ಮನ್ನು ಕಳಿಸಿದ್ದ ಮಿಷನರಿ ಸಂಸ್ಥೆಯ ಕಾರ್ಯದರ್ಶಿಯಾದರು, 1866ರಲ್ಲಿ ವೆಸ್ಲಿಯನ್ ಕಾನ್ಫರೆನ್ಸಿನ ಅಧ್ಯಕ್ಷರೂ ಆದರು. ಈಗ ದೂರದಿಂದ ನೋಡಿ “ನೋಡಿ, ಆ ಕಾಯಿಲೆಯಿಂದಲೇ ಒಳ್ಳೆಯದಾಯಿತು” ಎನ್ನುವುದು ಸುಲಭ. ಗುಬ್ಬಿ ಬಿಟ್ಟು ಹಡಗು ಹತ್ತುತ್ತಿದ್ದ ಆ ಹುಡುಗನಿಗೆ ಅದನ್ನು ಹೇಳಲು ಯಾರಿಗೂ ಅಧಿಕಾರವಿರಲಿಲ್ಲ. ಅವರ ಕಾಯಿಲೆಗೆ ಹೆಸರಿಡಲು ನನಗೂ ಇಲ್ಲ.

ನಿಮ್ಮ ಕಷ್ಟ ಯಾವ ಬಗೆಯದು ಎಂದು ತಿಳಿಯದಿದ್ದರೆ ತಿಳಿಯದು ಎಂದೇ ಬಿಡಿ. ಯೋಬನಿಗೂ ಕೊನೆಯವರೆಗೆ ಕಾರಣ ತಿಳಿಸಲಿಲ್ಲ.

ಮಾಡಬೇಕಾದದ್ದು

1. ಅಳುವುದಿದ್ದರೆ ಮೊದಲು ಅತ್ತುಬಿಡಿ. ಕೀರ್ತನೆಗಳ ಪುಸ್ತಕದಲ್ಲಿ ದೂರು, ಗೋಳು, “ಎಷ್ಟರವರೆಗೆ?” ಎಂಬ ಪ್ರಶ್ನೆ ತುಂಬಿವೆ. ಅವೂ ಪ್ರಾರ್ಥನೆಗಳೇ. ಅಡುಗೆಮನೆಯಲ್ಲಿ ಗೊಣಗಿದ್ದನ್ನು ದೇವರ ಮುಂದೆ ಮುಚ್ಚಿಟ್ಟು, ಮೊಣಕಾಲೂರಿದ ಕೂಡಲೇ ಸಿಹಿ ಮಾತಾಡುವುದು ಕೃತಜ್ಞತೆ ಆಗುವುದಿಲ್ಲ.

2. ನಿರ್ದಿಷ್ಟವಾಗಿ ಕೇಳಿ. “ಕರ್ತನೇ, ಇದರಲ್ಲಿ ನನಗೆ ತೋರಿಸಬೇಕಾದದ್ದು ಏನಾದರೂ ಇದೆಯೋ?” ಇಷ್ಟು ಸಾಕು. ಉತ್ತರ ಬಂದರೆ ಅದನ್ನು ಪರೀಕ್ಷಿಸುವ ಒಂದು ದಾರಿ ಇದೆ. ದೇವರಾತ್ಮನು ಬೆರಳಿಟ್ಟು ತೋರಿಸುವುದು ಸಾಮಾನ್ಯವಾಗಿ ಒಂದೇ ಸಂಗತಿಯನ್ನು: ತಮ್ಮನ ಪಾಲಿನ ಜಮೀನು, ಅಂಗಡಿಯ ಸುಳ್ಳು ಲೆಕ್ಕ, ಅತ್ತೆಯ ಜೊತೆ ಬಿಟ್ಟ ಮಾತು. ಜೊತೆಗೆ ಅದರಿಂದ ಹೊರಬರುವ ದಾರಿಯೂ ಕಾಣುತ್ತದೆ. “ನೀನು ಯಾತಕ್ಕೂ ಬಾರದವನು, ನಿನ್ನ ಹಣೆಬರಹವೇ ಇಷ್ಟು” ಎಂದು ಒಳಗಿಂದ ಕೇಳಿಸುವ ಧ್ವನಿಗೆ ಯಾವ ನಿರ್ದಿಷ್ಟ ವಿಷಯವೂ ಇರುವುದಿಲ್ಲ, ದಾರಿಯೂ ಇರುವುದಿಲ್ಲ. ಅದನ್ನು ತಂದೆಯ ಧ್ವನಿ ಎಂದು ತಿಳಿಯಬೇಡಿ.

3. ತಪ್ಪು ಗೊತ್ತಾದರೆ ಅರಿಕೆ ಮಾಡಿ, ಸರಿಯೂ ಮಾಡಿ. 32ನೇ ಕೀರ್ತನೆಯ ದಾವೀದನು ಬಾಯಿ ಕಟ್ಟಿಕೊಂಡಿದ್ದಾಗ ಮೂಳೆಗಳೇ ಸವೆದವು ಎನ್ನುತ್ತಾನೆ; ಒಪ್ಪಿಕೊಂಡ ಮೇಲೆ ಹಗುರಾದನು. ಭಾನುವಾರದ ಆರಾಧನೆಯಲ್ಲಿ ಎಲ್ಲರೊಂದಿಗೆ ಹೇಳುವ ಪಾಪ ಅರಿಕೆಯ ಜೊತೆಗೆ, ಮನೆಯಲ್ಲಿ ಆ ತಪ್ಪಿನ ಹೆಸರು ಹಿಡಿದು ಹೇಳಿ. ಹಣದ ವಿಷಯವಾದರೆ ಮಾತಷ್ಟೇ ಸಾಲದು. ಜಕ್ಕಾಯನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ. ನಿಮ್ಮಿಂದ ಒಟ್ಟಿಗೆ ಆಗದಿದ್ದರೆ ತಿಂಗಳಿಗೆ ಐನೂರರಂತೆ ಕೊಡುತ್ತೇನೆ ಎಂದು ಸಾಲ ಕೊಟ್ಟವರ ಮನೆಗೆ ಹೋಗಿ ಹೇಳಿ, ಕೊಡುತ್ತಾ ಬನ್ನಿ. ಕೃತಜ್ಞತೆ ಎಷ್ಟೋ ಸಲ ಹುಟ್ಟುವುದು ಈ ಮೂರನೆಯ ಹೆಜ್ಜೆಯಲ್ಲೇ. ಬಚ್ಚಿಟ್ಟುಕೊಂಡು ಓಡಾಡುವ ಭಾರ ಇಳಿದ ಮೇಲೆ, ಸಿಕ್ಕಿಬಿದ್ದದ್ದು ಒಳ್ಳೆಯದಾಯಿತು ಅನ್ನಿಸುತ್ತದೆ. 119ನೇ ಕೀರ್ತನೆಯ 67 ಮತ್ತು 71ನೇ ವಚನಗಳನ್ನು ಆಗ ಓದಿ ನೋಡಿ. ಕಷ್ಟ ಬಂದದ್ದು ಹಿತವಾಯಿತು ಎಂದು ಅಲ್ಲಿ ಹೇಳುವವನು ಹಿಂದಿರುಗಿ ನೋಡಿ ಹೇಳುತ್ತಿದ್ದಾನೆ, ತನ್ನ ಬಗ್ಗೆಯೇ ಹೇಳುತ್ತಿದ್ದಾನೆ.

4. “ಇದನ್ನು ತೆಗೆದುಬಿಡು” ಎಂದು ಬೇಡಿ. ಹಾಗೆ ಬೇಡುವುದು ಶಿಕ್ಷೆಯನ್ನು ತಿರಸ್ಕರಿಸಿದಂತೆ ಎಂದು ಕೆಲವರು ಹೆದರಿಸುತ್ತಾರೆ. ಶರೀರದಲ್ಲಿ ನಾಟಿದ ಮುಳ್ಳಿಗಾಗಿ ಪೌಲನು ಮೂರು ಸಾರಿ ಬೇಡಿಕೊಂಡನು (2 ಕೊರಿಂಥ 12). ಕರ್ತನು ಅದನ್ನು ತೆಗೆಯಲಿಲ್ಲ, ಕೃಪೆ ಕೊಟ್ಟನು. ಬೇಡಿದ್ದಕ್ಕೆ ಗದರಿಕೆ ಇಲ್ಲ.

5. ಸವೆಯದ ಬಟ್ಟೆಯನ್ನು ಹುಡುಕಿ. ಧರ್ಮೋಪದೇಶಕಾಂಡ 8ರಲ್ಲಿ, ತಂದೆ ಮಗನನ್ನು ಶಿಕ್ಷಿಸುವಂತೆ ಎಂಬ ಮಾತು ಬರುವುದು 5ನೇ ವಚನದಲ್ಲಿ. ಅದಕ್ಕೆ ತಾಗಿಕೊಂಡೇ 4ನೇ ವಚನದಲ್ಲಿ, ನಲವತ್ತು ವರ್ಷ ನಡೆದರೂ ಬಟ್ಟೆ ಜೀರ್ಣವಾಗಲಿಲ್ಲ, ಕಾಲು ಬಾತುಹೋಗಲಿಲ್ಲ ಎಂಬ ಸಂಗತಿ ಇದೆ. ಶಿಕ್ಷಿಸಿದ ಕೈಯೇ ಮನ್ನವನ್ನೂ ಕೊಟ್ಟಿತು. ಆದ್ದರಿಂದ ನಷ್ಟಕ್ಕೆ ಸ್ತೋತ್ರ ಹೇಳಲು ಹೆಣಗುವ ಬದಲು, ಆ ನಷ್ಟದ ದಿನಗಳಲ್ಲೂ ನಿಲ್ಲದೆ ಬಂದದ್ದನ್ನು ಬರೆಯಿರಿ. ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ಕೆಲಸ ಹೋದ ತಿಂಗಳಲ್ಲೂ ರೇಷನ್ ರಾಗಿ ಬಂತು. ಪಕ್ಕದ ಮನೆಯ ಮುಸ್ಲಿಂ ಹೆಂಗಸು ತಾನಾಗಿ ಸಾರು ಕಳಿಸಿದಳು. ಬೆಂಗಳೂರಿನ ಪ್ಯಾಸೆಂಜರ್ ರೈಲಿನಲ್ಲಿ ಹಳೆಯ ಸಹೋದ್ಯೋಗಿ ಸಿಕ್ಕಿ ಒಂದು ಫೋನ್ ನಂಬರ್ ಕೊಟ್ಟ. ಹೀಗೆ ದಿನಕ್ಕೆ ಒಂದೇ ಸಾಲು. ಎರಡು ಮೂರು ವಾರ ಆದಮೇಲೆ ಮೊದಲಿಂದ ಓದಿ. 1 ಥೆಸಲೊನೀಕ 5:18 ಎಲ್ಲಾ ಸ್ಥಿತಿಯಲ್ಲೂ ಕೃತಜ್ಞತೆ ಎನ್ನುವಾಗ, ಬಂದದ್ದೆಲ್ಲ ಒಳ್ಳೆಯದೇ ಎಂದು ಸಹಿ ಹಾಕಿಸುತ್ತಿಲ್ಲ. ಕೊಡುವವನು ಆ ಸ್ಥಿತಿಯೊಳಗೂ ಇದ್ದಾನೆ ಎಂದು ಗುರುತಿಸಲು ಹೇಳುತ್ತಿದೆ.

6. ಒಬ್ಬರನ್ನು, ಹೆಚ್ಚೆಂದರೆ ಇಬ್ಬರನ್ನು ಆರಿಸಿಕೊಳ್ಳಿ. ಹಳೆಯ ಕ್ಲಾಸ್ ಮೀಟಿಂಗಿನ ಚಿಕ್ಕ ರೂಪ ಇದು. ವಾರಕ್ಕೊಮ್ಮೆ ಅರ್ಧ ಗಂಟೆ, ಅಮಾನಿಕೆರೆಯ ದಂಡೆಯಲ್ಲೋ ಚರ್ಚ್ ಸರ್ಕಲ್ಲಿನ ಹತ್ತಿರ ಟೀ ಕುಡಿಯುತ್ತಲೋ. ಹೆಂಗಸರು ಹೆಂಗಸರನ್ನು, ಗಂಡಸರು ಗಂಡಸರನ್ನು ಆರಿಸಿಕೊಳ್ಳುವುದು ಕ್ಷೇಮ. ಕೇಳುವವರಿಗೆ ಎರಡು ನಿಯಮ: ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು, “ಪ್ರಾರ್ಥನಾ ವಿಜ್ಞಾಪನೆ” ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್ ಗುಂಪಿಗೆ ಹೋಗಬಾರದು. ಮತ್ತು ಮೊದಲ ತಿಂಗಳು ಯಾವ ಉಪದೇಶವೂ ಬೇಡ.

ಎಚ್ಚರಿಕೆ

ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಗಂಡ ಹೊಡೆಯುವುದು ದೇವರ ಶಿಕ್ಷೆಯಲ್ಲ. ಸಹಿಸಿಕೊಂಡು ಸ್ತೋತ್ರ ಹೇಳು ಎನ್ನುವ ಸಲಹೆಗೆ ಸತ್ಯವೇದದಲ್ಲಿ ಆಧಾರವಿಲ್ಲ, ಅದು ಅಪರಾಧಕ್ಕೆ ಕಾವಲು ನಿಲ್ಲುವ ಕೆಲಸ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸಲು 2005ರ ಕಾಯ್ದೆ ಇದೆ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತಿಗೆ 112. ಪ್ರಾರ್ಥನೆಯನ್ನೂ ಮಾಡಿ, ಫೋನನ್ನೂ ಮಾಡಿ.

ಸಾಲ ವಸೂಲಿಗೆ ಬಂದವರು ಬಾಗಿಲಲ್ಲಿ ನಿಂತು ಅವಮಾನ ಮಾಡಿದರೆ ಅದೂ ದೈವಿಕ ತಿದ್ದುವಿಕೆಯಲ್ಲ. ಸಾಲ ಮಾಡಿದ್ದು ನಿಮ್ಮ ತಪ್ಪಿರಬಹುದು, ತೀರಿಸಬೇಕಾದದ್ದು ಧರ್ಮವೇ. ಆದರೆ ಬೆದರಿಸಿ ವಸೂಲಿ ಮಾಡುವುದನ್ನು ತಡೆಯಲೆಂದೇ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಪೊಲೀಸ್ ಠಾಣೆಗೆ ದೂರು ಕೊಡಲು ಹಿಂಜರಿಯಬೇಡಿ.

ಕಾಯಿಲೆ ಬಂದಾಗ “ಪಾಠ ಕಲಿತಾಗಿದೆ, ಇನ್ನು ಮಾತ್ರೆ ಬೇಡ” ಎಂದು ಸಕ್ಕರೆ ಕಾಯಿಲೆಯ, ಬಿ.ಪಿ.ಯ, ಮೂರ್ಛೆರೋಗದ ಔಷಧ ನಿಲ್ಲಿಸಬೇಡಿ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಆತ್ಮಪರೀಕ್ಷೆಯನ್ನು ಅಲ್ಲಿಗೇ ಬಿಡಿ. ಸೋತ ಮನಸ್ಸು ಎಲ್ಲ ತಪ್ಪನ್ನೂ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಜಿಲ್ಲಾ ಆಸ್ಪತ್ರೆಗೂ ಹೋಗಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸ್ತೋತ್ರವನ್ನು ಲಂಚ ಮಾಡಿಕೊಳ್ಳುವುದು. ಹತ್ತು ಸಲ ಸ್ತೋತ್ರ ಹೇಳಿದರೆ ಕಷ್ಟ ಬೇಗ ಮುಗಿಯುತ್ತದೆ ಎಂಬ ಲೆಕ್ಕದಲ್ಲಿ ಕೃತಜ್ಞತೆ ಇಲ್ಲ, ವ್ಯಾಪಾರ ಇದೆ. ಸ್ತೋತ್ರ ಕಾಣಿಕೆಯ ಕವರಿನ ಮೇಲೂ ಈ ಮನಸ್ಸು ಕೆಲವೊಮ್ಮೆ ಕಾಣುತ್ತದೆ.

ಆತುರದ ಸಾಕ್ಷಿ. ಗಾಯ ಹಸಿಯಾಗಿರುವಾಗಲೇ ಕೂಟದಲ್ಲಿ ಎದ್ದು ನಿಲ್ಲಿಸಿ ಸಾಕ್ಷಿ ಹೇಳಿಸುವುದು ನಮ್ಮಲ್ಲಿ ಬಹಳ. ಹೇಳುವವರು ಕೇಳುವವರಿಗೆ ಇಷ್ಟವಾಗುವಂತೆ ಕಥೆಯನ್ನು ತಿದ್ದಿಬಿಡುತ್ತಾರೆ, ಆಮೇಲೆ ಆ ಕಥೆಯೊಳಗೇ ಸಿಕ್ಕಿಕೊಳ್ಳುತ್ತಾರೆ. ಕನಿಷ್ಠ ಕೆಲವು ತಿಂಗಳು ಕಾಯಿರಿ. ಹೇಳುವಾಗ ಗಂಡ, ನಾದಿನಿ, ಮಾಲೀಕ ಇವರ ತಪ್ಪುಗಳನ್ನು ಬಿಟ್ಟು ನಿಮ್ಮದನ್ನಷ್ಟೇ ಹೇಳಿ. ಐದು ನಿಮಿಷ ದಾಟಬೇಡಿ.

ದೇವರ ಶಿಕ್ಷೆಯ ಮಾತನ್ನು ಮಕ್ಕಳ ಮೇಲೆ ಹಾಕುವುದು. “ಸುಳ್ಳು ಹೇಳಿದೆ, ಅದಕ್ಕೇ ಬಿದ್ದು ಮೊಣಕಾಲು ತರಚಿತು” ಎನ್ನುವ ಅಜ್ಜಿಯರಿದ್ದಾರೆ. ಮಗುವಿನ ತಲೆಯಲ್ಲಿ ಉಳಿಯುವುದು ಕಲ್ಲು ಹಿಡಿದು ಕಾಯುವ ದೇವರು. ಮಕ್ಕಳನ್ನು ಕೆರಳಿಸದೆ ಕರ್ತನಿಗೆ ಮೆಚ್ಚುಗೆಯಾದ ಶಿಸ್ತಿನಲ್ಲಿ ಬೆಳೆಸಿ ಎಂದು ಎಫೆಸ 6:4 ತಂದೆಗಳಿಗೇ ಹೇಳುತ್ತದೆ. ಮಗು ಸುಳ್ಳು ಹೇಳಿದ್ದಕ್ಕೆ ಟಿ.ವಿ. ನಿಲ್ಲಿಸುವುದಾದರೆ ನಿಲ್ಲಿಸಿ, ಕಾರಣವನ್ನೂ ಹೇಳಿ. ಬಿದ್ದ ಗಾಯಕ್ಕೆ ಅರಿಸಿನ ಹಚ್ಚಿ, ಎರಡನ್ನೂ ಬೆರೆಸಬೇಡಿ.

ಇನ್ನು, ಬೇರೆಯವರ ಮನೆಗೆ ಹೋದಾಗ. ಯೋಬನ ಸ್ನೇಹಿತರು ಮಾಡಿದ ಒಳ್ಳೆಯ ಕೆಲಸ ಏಳು ದಿನ ಬಾಯಿ ಮುಚ್ಚಿ ನೆಲದ ಮೇಲೆ ಕೂತದ್ದು (ಯೋಬ 2:13). ಬಾಯಿ ತೆರೆದ ಮೇಲೆ ಕೆಟ್ಟಿತು. ಕುಣಿಗಲ್ಲಿನಿಂದ ತುಮಕೂರಿನ ಆಸ್ಪತ್ರೆಗೆ ದಿನಾ ಓಡಾಡುವವರಿಗೆ ಮಧ್ಯಾಹ್ನದ ಬುತ್ತಿ ಕಟ್ಟಿಕೊಡಿ, ಪಿಂಚಣಿಯ ಅರ್ಜಿ ತುಂಬಿಕೊಡಿ, ಮಗುವನ್ನು ಶಾಲೆಯಿಂದ ಕರೆತನ್ನಿ. ಅವರು ತಾವಾಗಿ “ದೇವರು ನನಗೇನೋ ಕಲಿಸುತ್ತಿದ್ದಾನೆ ಅನ್ನಿಸುತ್ತೆ” ಎಂದರೆ ಮಾತ್ರ ಆ ವಿಷಯಕ್ಕೆ ಹೋಗಿ, ಅದೂ ಅವರು ಹೋದಷ್ಟೇ ದೂರ.

ಹೊಸ ವರ್ಷದ ಒಡಂಬಡಿಕೆಗೆ ಮೊದಲು

ವೆಸ್ಲಿ 1755ರಲ್ಲಿ ನಡೆಸಿದ ಒಡಂಬಡಿಕೆಯ ಆರಾಧನೆ ಸಿ.ಎಸ್.ಐ.ಗೂ ಬಂದಿದೆ. ಅದನ್ನು ಸಾಮಾನ್ಯವಾಗಿ ಹೊಸ ವರ್ಷದ ಆರಂಭದಲ್ಲಿ ನಡೆಸುತ್ತಾರೆ. ಸುಖವಾದರೂ ಕಷ್ಟವಾದರೂ ನಿನ್ನ ಚಿತ್ತಕ್ಕೆ ನನ್ನನ್ನು ಒಪ್ಪಿಸುತ್ತೇನೆ ಎಂಬ ಅರ್ಥದ ಪ್ರಾರ್ಥನೆಯನ್ನು ಸಭೆಯೆಲ್ಲ ಸೇರಿ ಹೇಳುತ್ತದೆ. ತಂದೆಯ ಶಿಕ್ಷೆಗೆ ಮುಂಗಡವಾಗಿ ಒಪ್ಪಿಗೆ ಕೊಡುವ ಮಾತು ಅದು. ಓದುತ್ತಾ ಓದುತ್ತಾ ದಾಟಿಬಿಡುವಂಥದ್ದಲ್ಲ. ಡಿಸೆಂಬರಿನ ಕೊನೆಯ ವಾರದಲ್ಲೇ ಆರಾಧನಾ ಕ್ರಮದ ಪ್ರತಿಯನ್ನು ಸಭಾಪಾಲಕರಾದ ಅಯ್ಯನವರಿಂದ ಕೇಳಿ ಪಡೆದು, ಮನೆಯಲ್ಲಿ ಒಂದು ಸಲ ಓದಿ. ಈ ವರ್ಷ ನೀವು ಮನಸಾರೆ ಹೇಳಲಾರದ ಸಾಲು ಯಾವುದು ಎಂದು ಗುರುತು ಹಾಕಿ. ಭಾನುವಾರ ಆ ಸಾಲು ಬಂದಾಗ ಸುಮ್ಮನೆ ನಿಂತರೆ ತಪ್ಪಿಲ್ಲ, ಪಕ್ಕದವರು ಹೇಳುತ್ತಿರುತ್ತಾರೆ. ಆರಾಧನೆ ಮುಗಿದ ಮೇಲೆ ಆ ಗುರುತು ಹಾಕಿದ ಹಾಳೆಯನ್ನೇ ಅಯ್ಯನವರಿಗೆ ತೋರಿಸಿ, ಒಂದು ಸಂಜೆ ಮನೆಗೆ ಬರಲು ಹೇಳಿ.